ಮೇಣ ಮುಟ್ಟಿಸಬಾರದ ಬಣ್ಣ

ಮದುವೆಯಾದ ಹೊಸತರಲ್ಲಿ ಜಯಪ್ರಕಾಶ್ ಹೆಂಡತಿಯ ಜೊತೆ ಬಹಳ ಹೊತ್ತು ಮಾತಾಡಿದ್ದು ಒಂದೇ ಸಲ. ಅದೂ ಸೈಕಲ್ಲಿಗೆ ಮೇಣ ಹಚ್ಚುತ್ತಾ.

ಆಗ ಅವನ ಬಳಿ ಇದ್ದದ್ದು ಕೆಂಪು ಬಣ್ಣದ ಗೇರ್ ಸೈಕಲ್ಲು. ಭಾನುವಾರ ಬೆಳಿಗ್ಗೆ ಮಂಡ್ಯದ ಗೆಳೆಯರ ಗುಂಪಿನೊಡನೆ ದೂರ ಹೋಗಿಬಂದು, ಬೆಸಗರಹಳ್ಳಿಯ ಮನೆಯ ಹಿತ್ತಲಲ್ಲಿ ನಿಲ್ಲಿಸಿ ತೊಳೆಯುತ್ತಿದ್ದ. ಹೆಂಡತಿ ಶ್ವೇತ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತಿದ್ದಳು.

"ಮೊದ್ಲು ಶಾಂಪೂ ನೀರು," ಅಂದಿದ್ದ. "ಒಂದು ಮರಳು ಉಳಿದ್ರೂ ಗೀರು ಬೀಳ್ತದೆ. ಪೂರ್ತಿ ಒಣಗಬೇಕು. ಮೇಣ ಹೆಸರುಕಾಳಿನಷ್ಟು ಸಾಕು. ತೆಳ್ಳಗೆ, ಸುತ್ತುಸುತ್ತಾಗಿ. ಮಂಜು ಕವಿದಂಗೆ ಆಗೋವರ್ಗೂ ಸುಮ್ನಿರಬೇಕು. ಆಮೇಲೆ ಬೇರೆ ಬಟ್ಟೇಲಿ ಒರೆಸು." ಒರೆಸಿದಾಗ ಕೆಂಪಿನೊಳಗೆ ಹಿತ್ತಲ ನುಗ್ಗೆಮರ ಕಾಣಿಸಿತು. "ಮೇಣ ಅಂದ್ರೆ ಬಣ್ಣಕ್ಕೆ ಬಟ್ಟೆ ಇದ್ದಂಗೆ ಕಣೆ. ಬಿಸ್ಲು, ದೂಳು ಎಲ್ಲಾ ಅದ್ರ ಮೇಲೇ ಬೀಳ್ತದೆ. ಬಣ್ಣಕ್ಕೆ ಏನೂ ಗೊತ್ತಾಗಲ್ಲ."

ಅವಳು ಅವನ ಬೆರಳುಗಳನ್ನು ನೋಡುತ್ತಿದ್ದಳು. ಬೆಸುಗೆಯ ಸಂದುಗಳಲ್ಲಿ, ಚೈನಿನ ಹಿಂದಿನ ಇಕ್ಕಟ್ಟಿನಲ್ಲಿ, ನೋವಾಗಬಾರದೆಂಬಂತೆ ಓಡಾಡುವ ಬೆರಳುಗಳು. ಆ ಬೆರಳುಗಳು ತನ್ನ ಕಡೆಗೂ ಹೀಗೇ ಬರಬಹುದೆಂದು ಒಂದಷ್ಟು ದಿನ ಕಾದಳು. ಬರಲಿಲ್ಲ. ಅವಳ ಮೈಮೇಲೆ ಅವು ಲೆಕ್ಕ ಮುಗಿಸುವವರಂತೆ ಬಂದು ಹೋಗುತ್ತಿದ್ದವು.

ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆಯೂ ಸೊಸೆಯೂ ಒಂದೇ ಹೊಸ್ತಿಲು ದಾಟಬಾರದೆಂದು ಅವಳನ್ನು ಮಳವಳ್ಳಿಯ ತವರಿಗೆ ಕಳಿಸಿದರು. ಶ್ರಾವಣದಲ್ಲಿ ವಾಪಸು ಬಂದಾಗ ಕೆಂಪು ಸೈಕಲ್ಲು ಇರಲಿಲ್ಲ. ನಡುಮನೆಯ ಗೋಡೆಗೆ ಒರಗಿ ಹೊಸದೊಂದು ನಿಂತಿತ್ತು. ಒಲೆಯ ಬೂದಿಗೆ ಸ್ವಲ್ಪ ಮಸಿ ಕಲಸಿದಂಥ ಬಣ್ಣ. ಎಲ್ಲೂ ಹೊಳಪಿಲ್ಲ. ಧೂಳು ಕೂತಿದೆಯೆಂದು ಅವಳು ಸೆರಗಿನಿಂದ ಒರೆಸಲು ಹೋದಳು.

"ಮುಟ್ಟಬ್ಯಾಡ," ಅಂದ ಜಯಪ್ರಕಾಶ್.

ಯಾಕೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಆ ಮನೆಯಲ್ಲಿ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಪ್ರಶ್ನೆ ಕೇಳಿದವಳ ಮುಖವನ್ನು ಒಮ್ಮೆ ನೋಡಿ ಎದ್ದು ಹೋಗುತ್ತಿದ್ದರು. ಹೊಸ ಸೈಕಲ್ಲನ್ನು ಅವನು ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸುತ್ತಿದ್ದ, ಅಷ್ಟೇ. ಮೇಣದ ಡಬ್ಬಿ ಹಿತ್ತಲ ಕಿಟಕಿಯ ಮೇಲೆ ಹಾಗೇ ಇತ್ತು. ಮಳೆಗಾಲ ಮುಗಿಯಲೆಂದು ಕಾಯುತ್ತಿರಬೇಕು ಅಂದುಕೊಂಡಳು.

ಭಾದ್ರಪದದ ಕೊನೆಗೆ ಮದ್ದೂರಿನ ಒಂದು ಖಾಸಗಿ ಶಾಲೆಯಿಂದ ಫೋನು ಬಂತು. ಗಣಿತದ ಟೀಚರ್ ಬಿಟ್ಟು ಹೋಗಿದ್ದಾರೆ, ದಸರಾ ರಜೆ ಮುಗಿದು ಶಾಲೆ ತೆರೆಯುವ ಸೋಮವಾರ ಬಂದು ಸೇರಬೇಕು, ಆ ದಿನ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಎಂಎಸ್ಸಿ, ಬಿಎಡ್ ಮಾಡಿಕೊಂಡು ಎಮ್ಮೆಯ ಕೊಟ್ಟಿಗೆ ಗುಡಿಸುತ್ತಿದ್ದ ಶ್ವೇತಳಿಗೆ ಆ ಸೋಮವಾರ ಬಿಟ್ಟರೆ ಬೇರೇನೂ ಬೇಡವಾಗಿತ್ತು. ಹೆಣ್ಣು ನೋಡಲು ಬಂದಾಗ ಕೆಲಸಕ್ಕೆ ಕಳಿಸುತ್ತೇವೆಂದು ಒಪ್ಪಿದ್ದವರೇ ಇವರು.

"ಮದ್ದೂರ್ಗೆ ಬಸ್ಸತ್ಕಂಡು ಓದ್ರೆ ಎಮ್ಮೆ ಹಾಲು ಕರಿಯೋರ್ಯಾರು, ಇವ್ಳ ಅವ್ವನಾ?" ಅಂದಳು ಅತ್ತೆ ಅಂಕಮ್ಮ, ಗೋಡೆಯ ಕಡೆ ತಿರುಗಿ.

ಜಯಪ್ರಕಾಶ್ ಊಟದ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಆಯುಧಪೂಜೆ ಕಳೀಲಿ. ನೋಡಾನ."

ಆ 'ನೋಡಾನ'ವನ್ನು ಅವಳು ಹಬ್ಬದವರೆಗೆ ಜೋಪಾನ ಮಾಡಿದಳು.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಜಯಪ್ರಕಾಶ್ ಗೆಜ್ಜಲಗೆರೆಗೆ ಹೋದ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಅವನು ಕ್ವಾಲಿಟಿ ನೋಡುವವನು. ತಯಾರಾಗಿ ಬಂದ ಮಾಲಿನಲ್ಲಿ ಮಂಕು, ಗೀರು, ಗುಳಿ ಹುಡುಕುವುದು ಕೆಲಸ. ಮೆಶೀನುಗಳ ಪೂಜೆ ಮುಗಿಸಿಕೊಂಡು ಸಂಜೆ ಬಂದು ಮನೆಯ ಪೂಜೆ ಮಾಡುವುದೆಂದು ಮಾತಾಗಿತ್ತು.

ಶ್ವೇತ ಕುಡುಗೋಲು, ಮಚ್ಚು, ಗುದ್ದಲಿಗಳನ್ನು ಉಜ್ಜಿ ತೊಳೆದು ಜಗಲಿಯ ಮೇಲೆ ಸಾಲಾಗಿಟ್ಟಳು. ಅಂಕಮ್ಮ ಬಾಗಿಲಲ್ಲಿ ಕೂತು ಚೆಂಡುಹೂವು ಪೋಣಿಸುತ್ತಿದ್ದಳು.

"ಸೈಕಲ್ಲು?" ಅಂದಳು.

"ಮುಟ್ಟಬೇಡ ಅಂದಿದಾರೆ ಅತ್ತೆ."

"ಅಬ್ಬದ್ ದಿನಾನೂ ಬೂದಿ ಬಳ್ಕಂಡಂಗೆ ನಿಲ್ಲುಸ್ತೀಯಾ ಅದ? ಆಯ್ದ ಅಂದ್ಮೇಲೆ ಪಳಪಳ ಅನ್ಬೇಕು ಕಣಮ್ಮ. ಮಂಕಾಗಿರೋದ್ಕೆ ಕುಂಕುಮ ಇಕ್ಕುದ್ರೆ ಮನೆಗೇ ಮಂಕು." ಸೂಜಿಯನ್ನು ಹೂವಿಗೆ ಚುಚ್ಚಿ, ನಿಲ್ಲಿಸಿ, ಸೊಸೆಯನ್ನು ನೋಡಿದಳು. "ಗಂಡ ಬಂದು ನೋಡಿ ಕುಸಿಯಾಗ್ಲಿ. ನಿಂಗೂ ಇಸ್ಕೂಲಿಗೆ ಓಗ್ಬೇಕಲ್ಲ?"

ಅತ್ತೆ ಶಾಲೆಯ ಮಾತನ್ನು ತಾನಾಗಿ ಎತ್ತಿದ್ದು ಅದೇ ಮೊದಲು. ಶ್ವೇತ ಆ ಮಾತನ್ನು ಪ್ರೀತಿ ಎಂದು ಓದಿಕೊಂಡಳು.

ಅವನು ಹೇಳಿಕೊಟ್ಟ ಹಾಗೆಯೇ ಮಾಡಿದಳು. ಶಾಂಪೂ ನೀರಿನಲ್ಲಿ ತೊಳೆದಳು. ನೆರಳಲ್ಲಿ ಒಣಗಿಸಿದಳು. ಹೆಸರುಕಾಳಿನಷ್ಟು ಮೇಣ, ತೆಳ್ಳಗೆ, ಸುತ್ತುಸುತ್ತಾಗಿ. ಮಂಜು ಕವಿಯುವವರೆಗೆ ಕಾದಳು. ಬೇರೆ ಬಟ್ಟೆಯಲ್ಲಿ ಒರೆಸಿದಳು. ಹೊಳಪು ಬಂತು, ಆದರೆ ಅಂಗೈಯಗಲ ಒಂದು ಕಡೆ, ಹಲಸಿನೆಲೆಯಷ್ಟು ಇನ್ನೊಂದು ಕಡೆ. ನಡುನಡುವೆ ಅದೇ ಬೂದಿ. ಸಾಲದಾಯಿತೆಂದು ಮತ್ತೆ ಹಚ್ಚಿದಳು, ಮತ್ತೆ ಉಜ್ಜಿದಳು. ಉಜ್ಜಿದಷ್ಟೂ ತೇಪೆಗಳು ದೊಡ್ಡವಾದವೇ ಹೊರತು ಒಂದಕ್ಕೊಂದು ಕೂಡಲಿಲ್ಲ.

ಅಂಕಮ್ಮ ಹಾರವನ್ನು ಗಂಟು ಹಾಕಿ ಎದ್ದು ಒಳಗೆ ಹೋದಳು.

ಸಂಜೆ ಬೀದಿಯಲ್ಲಿ ಬೈಕು, ಟಿಲ್ಲರು, ಟ್ರಾಕ್ಟರುಗಳು ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ಪಕ್ಕದ ಮನೆಯ ದೊಡ್ಡಪ್ಪ ಹೊನ್ನಯ್ಯ ತನ್ನ ಟ್ರಾಕ್ಟರಿನ ಮುಂದೆ ಬೂದುಗುಂಬಳ ಒಡೆದು, ಕಡ್ಲೆಪುರಿ ಅಗಿಯುತ್ತಾ ಇವರ ಜಗಲಿಗೆ ಬಂದ. ಜಯಪ್ರಕಾಶ್ ಕಾರ್ಖಾನೆಯಲ್ಲಿ ಕೊಟ್ಟ ಸಿಹಿಯ ಡಬ್ಬಿ ಹಿಡಿದು ಆಗ ತಾನೇ ಬೈಕಿನಿಂದ ಇಳಿದಿದ್ದ. ಸೈಕಲ್ಲು ಹೂವಿನ ಹಾರ ಹಾಕಿಕೊಂಡು ಇಳಿಬಿಸಿಲಿಗೆ ನಿಂತಿತ್ತು.

ಅವನು ನೋಡಿದ. ಬಗ್ಗಿ, ಹಾರವನ್ನು ಒಂದು ಬೆರಳಿನಿಂದ ಸರಿಸಿ ನೋಡಿದ.

ಹೊನ್ನಯ್ಯ ನಕ್ಕ. "ಏನ್ಲಾ ಜಯಪ್ಪಾ, ಅರ್ಧ ತೊಳ್ದ್ ಎಮ್ಮೆ ಆಗದಲ್ಲೋ ನಿನ್ ಸೈಕಲ್ಲು! ಕಾಲ್ವೇಲಿ ನೀರ್ ನಿಂತೋಯ್ತೇನ್ಲಾ ನಡೂವ್ಕೆ?"

ಬೀದಿಯೆಲ್ಲ ನಕ್ಕಿತು. ಜಯಪ್ರಕಾಶನೂ ನಕ್ಕ. ನಗುತ್ತಲೇ ತಾಯಿಯ ಕಡೆ ತಿರುಗಿದ. "ಅವ್ವ, ಇದು ಹೊಳಪಿಲ್ದಿರೋ ಮ್ಯಾಟು ಪೇಂಟು, ಮೇಣ ಪಾಲೀಸು ಏನೂ ಮುಟ್ಟಿಸಬಾರ್ದು, ಮುಟ್ಟಿಸುದ್ರೆ ಮತ್ತೆ ಸರಿಯಾಗಾಕಿಲ್ಲ ಅಂತ ತಂದ್ ದಿನಾನೇ ನಿಂಗೆ ಏಳಿದ್ನಲ್ಲ. ಇವಳ್ಗೆ ಏಳ್ಳಿಲ್ವಾ?"

ಸೈಕಲ್ಲು ಬಂದದ್ದು ಆಷಾಢದಲ್ಲಿ. ಶ್ವೇತ ಆಗ ಹೊಸ್ತಿಲ ಆಚೆ, ಮಳವಳ್ಳಿಯಲ್ಲಿದ್ದಳು.

"ಏಳ್ದೆ ಕಣಪ್ಪ," ಅಂದಳು ಅಂಕಮ್ಮ, ಆರತಿಯ ತಟ್ಟೆಗೆ ಕರ್ಪೂರ ಹಾಕುತ್ತಾ. "ಬ್ಯಾಡ ಬ್ಯಾಡ ಅಂತ ಬಡ್ಕಂಡೆ. ಓದ್ದೋರು ನಮ್ಮಂತೋರ್ ಮಾತ ಕೇಳಾರಾ?"

ಶ್ವೇತ ಅತ್ತೆಯ ಮುಖ ನೋಡಿದಳು. ಅಲ್ಲಿ ಏನೂ ಅಲುಗಲಿಲ್ಲ. ಅತ್ತೆ ಸುಳ್ಳು ಹೇಳುತ್ತಿದ್ದಾರೆ ಎನ್ನುವ ವಾಕ್ಯ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಆಡಿದರೆ, ಈ ಬೀದಿಯಲ್ಲಿ, ಈ ಜನರ ಮುಂದೆ, ಸೋಮವಾರ ಅಲ್ಲಿಗೇ ಮುಗಿಯುತ್ತದೆ. ನುಂಗಿಕೊಂಡಳು.

ಜಯಪ್ರಕಾಶ್ ಇನ್ನೂ ನಗುತ್ತಿದ್ದ. ಅವನ ಧ್ವನಿ ಮೃದುವಾಗಿತ್ತು. ಮೇಣ ಹಚ್ಚುವುದನ್ನು ಹೇಳಿಕೊಟ್ಟ ದಿನ ಇದ್ದಷ್ಟೇ ಮೃದು.

"ಅರ್ಧ ಮಾಡಿದೀಯ. ಪೂರ್ತಿ ಮಾಡು. ಈ ತುದಿಯಿಂದ ಆ ತುದಿಗೆ ಇಡೀ ಸೈಕಲ್ಲು ಒಂದೇ ಥರ ಹೊಳುದ್ ದಿನ ನೀನು ಸ್ಕೂಲಿಗೆ ಓಗು. ಅಲ್ಲೀಗಂಟ ಬ್ಯಾಡ. ದೊಡ್ಡಪ್ಪ, ನೀನೇ ಸಾಕ್ಷಿ."

"ಆಗ್ಲಿ ಬುಡ್ಲಾ," ಅಂದ ಹೊನ್ನಯ್ಯ. "ಎಮ್ಮೆ ತೊಳ್ಯಾಕೆ ನನ್ ಸಾಕ್ಷಿ ಬೇರೆ ಕೇಡು."

ಮರುದಿನ ಶ್ವೇತ ಫೋನಿನಲ್ಲಿ ಹುಡುಕಿ ಓದಿದಳು. ಎಲ್ಲರೂ ಒಂದೇ ಮಾತು ಬರೆದಿದ್ದರು. ಮ್ಯಾಟ್ ಬಣ್ಣಕ್ಕೆ ಮೇಣ ಕೂತರೆ ತೇಪೆ ಬೀಳುತ್ತದೆ, ಉಜ್ಜಿದರೆ ಹೆಚ್ಚಾಗುತ್ತದೆ, ಒಂದೇ ಸಮನಾಗುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದ.

ಆದರೂ ಉಜ್ಜಿದಳು. ಬೇರೇನು ಮಾಡುವುದು? ಹಾಲು ಕರೆದು, ಕೊಟ್ಟಿಗೆ ಗುಡಿಸಿ, ಅಡುಗೆ ಮಾಡಿ, ಮಧ್ಯಾಹ್ನ ಹಿತ್ತಲಿಗೆ ಬರುತ್ತಿದ್ದಳು. ಜಯಪ್ರಕಾಶ್ ಸಂಜೆ ಬಂದವನು ಕೈಕಾಲು ತೊಳೆಯುವ ಮುಂಚೆ ಮೊಬೈಲಿನ ಟಾರ್ಚು ಹಾಕಿ, ಕೊಳವೆಯುದ್ದಕ್ಕೂ ಬೆಳಕನ್ನು ಓರೆಯಾಗಿ ಹಾಯಿಸುತ್ತಿದ್ದ. ಕಾರ್ಖಾನೆಯಿಂದ ಕೆಂಪು ಚೀಟಿಗಳ ಒಂದು ಹಾಳೆ ತಂದಿದ್ದ. ಗುಂಡನೆಯ, ಅಂಟಿನ ಚೀಟಿಗಳು. ಅಲ್ಲಿ ಕೆಟ್ಟ ಮಾಲಿಗೆ ಹಚ್ಚುವಂಥವು. ಮಂಕು ಕಂಡಲ್ಲಿ ಒಂದು ಹಚ್ಚುತ್ತಿದ್ದ.

"ಇಲ್ಲಿ," ಅನ್ನುತ್ತಿದ್ದ. "ಇಲ್ಲಿ."

ಕೆಲವೊಮ್ಮೆ ಸೈಕಲ್ಲಿಗೆ ಅಮ್ಮ ಬಂದಂತೆ ಮೈತುಂಬ ಕೆಂಪು ಗುಳ್ಳೆ ಏಳುತ್ತಿತ್ತು. ಬೆಳಿಗ್ಗೆ ಅವುಗಳನ್ನು ಒಂದೊಂದಾಗಿ ಕೀಳುವುದು, ಅಂಟು ಹೋಗುವಂತೆ ಉಜ್ಜುವುದು, ಮತ್ತೆ ಮೇಣ. ಅಂಟು ಇದ್ದಲ್ಲಿ ಇನ್ನೊಂದು ಹೊಸ ತೇಪೆ.

ಅಂಕಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. "ಇವತ್ತು ಅಮ್ಮ ಸ್ಯಾನೆ ಮೇಲೆದ್ದವಳೆ," ಅನ್ನುತ್ತಿದ್ದಳು. "ಬೇವಿನ್ ಸೊಪ್ಪು ತತ್ತೀನಿ ತಡಿ."

ಹೊನ್ನಯ್ಯನೂ ಬೇಲಿಯ ಮೇಲಿಂದ ಇಣುಕುತ್ತಿದ್ದ. "ಏನವ್ವಾ ಟೀಚ್ರಮ್ಮ, ಎಲ್ಲೀಗಂಟ ಬಂತು ಎಮ್ಮೆ?" ಮೊದಮೊದಲು ನಗುತ್ತಾ ಕೇಳುತ್ತಿದ್ದವನು ಬರಬರುತ್ತಾ ಕೇಳುವುದು ಬಿಟ್ಟ. ಕೊನೆಗೆ ಇಣುಕುವುದನ್ನೂ ಬಿಟ್ಟ.

ಒಂದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಪೆಡಲಿನ ಹಿಂದೆ, ಹಿಂಬದಿಯ ಗಾಲಿಗೆ ಹೋಗುವ ಕೊಳವೆಯ ಮೇಲೆ, ಯಾವುದೋ ಜಲ್ಲಿಕಲ್ಲು ಸಿಡಿದು ಬಣ್ಣ ಎದ್ದುಹೋಗಿತ್ತು. ಉಗುರಿನಷ್ಟು ಜಾಗ. ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿತ್ತು. ಟಾರ್ಚಿನ ಬೆಳಕು ಹಾಯುವಾಗಲೆಲ್ಲ ಅದು ಪಳ್ಳೆಂದು ಹೊಳೆಯುತ್ತಿತ್ತು. ಅಲ್ಲಿಗೆ ಅವನು ಒಂದು ದಿನವೂ ಚೀಟಿ ಹಚ್ಚಲಿಲ್ಲ.

ಶಾಲೆ ತೆರೆಯುವ ಸೋಮವಾರ ಹತ್ತಿರ ಬಂತು. ಶುಕ್ರವಾರ ಸಂಜೆ ಅವನು ಚೀಟಿ ಹಚ್ಚಿ ಮುಗಿಸಿ ನಿಂತಾಗ, ಹಾಳೆಯಲ್ಲಿ ಒಂದು ಉಳಿದಿತ್ತು. ಶ್ವೇತ ಎರಡು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ರೀ, ಸೋಮವಾರ ಬರ್ತೀನಿ ಅಂತ ಸ್ಕೂಲಿನವ್ರಿಗೆ ಹೇಳ್ಬಿಟ್ಟಿದೀನಿ. ತಪ್ಪಾಯ್ತು ಅಂತ ಇಟ್ಕೊಳಿ. ಹೋಗಿಬಂದು ದಿನಾ ಸಂಜೆ ಇದನ್ನ ಮಾಡ್ತೀನಿ."

ಅವನು ಟಾರ್ಚನ್ನು ಅವಳ ಮುಖದ ಮೇಲೆ ಹಾಯಿಸಿದ. ಹಣೆಯಿಂದ ಗಲ್ಲದವರೆಗೆ, ಓರೆಯಾಗಿ, ನಿಧಾನವಾಗಿ. ಆಮೇಲೆ ಅವಳ ಹಣೆಯ ಬೊಟ್ಟನ್ನು ಉಗುರಿನಿಂದ ಕಿತ್ತು, ಕೊನೆಯ ಕೆಂಪು ಚೀಟಿಯನ್ನು ಅಲ್ಲಿ ಒತ್ತಿದ. ಹೆಬ್ಬೆರಳಿನಿಂದ, ಅಂಚು ಏಳದಂತೆ, ಬಹಳ ನಾಜೂಕಾಗಿ.

"ಇದೂ ರಿಜೆಕ್ಟು," ಅಂದ.

ಬಾಗಿಲಿಂದ ಅಂಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಚೆಂದಾಗೇ ಒಪ್ತದೆ ಬುಡು!"

ಆ ಬೆರಳುಗಳು ಕೊನೆಗೂ ಬಂದಿದ್ದವು. ಶ್ವೇತ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ದಿನವೂ ಸ್ನಾನಕ್ಕೆ ಮುಂಚೆ ಬೊಟ್ಟು ತೆಗೆದು ಅಂಟಿಸುತ್ತಿದ್ದ ಕನ್ನಡಿ. ಅಂಚಿನಲ್ಲಿ ಹಳೆಯ ಬೊಟ್ಟುಗಳ ಸಾಲಿತ್ತು. ಹಣೆಯ ಚೀಟಿಯನ್ನು ಕಿತ್ತು ಕನ್ನಡಿಯ ನಟ್ಟನಡುವೆ ಹಚ್ಚಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಕಣ್ಣಿಗೆ ಬಂದದ್ದು ಸೈಕಲ್ಲಿನ ಆ ಉಗುರಿನಷ್ಟು ಬೆಳ್ಳನೆಯ ಜಾಗ. ಒಂದೇ ಥರ ಹೊಳೆಯಬೇಕು ಅಂದಿದ್ದ. ಬಣ್ಣದ ಮಾತು ಆಡಿರಲಿಲ್ಲ.

ಭಾನುವಾರ ಜಯಪ್ರಕಾಶನಿಗೆ ಕಾರ್ಖಾನೆಯಲ್ಲಿ ಓಟಿ ಇತ್ತು. ಸೈಕಲ್ಲು ಸರ್ವಿಸಿಗೆ ಬಿಟ್ಟಿದ್ದೇನೆಂದು ಮಂಡ್ಯದ ಗೆಳೆಯರಿಗೆ ಹೇಳಿ ಬೈಕು ಹತ್ತಿ ಹೋದ. ಅಂಕಮ್ಮ ಕೊತ್ತತ್ತಿಯ ನೆಂಟರ ಮನೆಯ ನಾಮಕರಣಕ್ಕೆ ಹೊರಟಳು. ಶ್ವೇತ ಸರ್ಕಲ್ಲಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಬ್ಬಿಣದ ಗೇಟಿನ ಹಳೇ ಬಣ್ಣ ತೆಗೆಯುವುದು ಬೇಕೆಂದಳು.

ಅಂಗಡಿಯವನು ಡಬ್ಬಿ ಕೊಡುತ್ತಾ, "ಕೈಗೆ ತಾಕುಸ್ಕಬ್ಯಾಡಿ ಕಣಮ್ಮ, ಚರ್ಮ ಸುಲ್ದೋಯ್ತದೆ," ಅಂದ. "ಗೇಟು ಭಾಳ ಅಳೇದಾ?"

"ಹೊಸದೇ."

ಗಾಲಿಗಳನ್ನು ಬಿಚ್ಚುವುದನ್ನೂ ಮೇಣ ಹಚ್ಚಿದ ಆ ದಿನ ಜಯಪ್ರಕಾಶನೇ ಹೇಳಿಕೊಟ್ಟಿದ್ದ. ಚೈನಿಗೆ, ಪೆಡಲಿಗೆ ಪ್ಲಾಸ್ಟಿಕ್ ಸುತ್ತಿದಳು. ಬ್ರಷ್ಷಿನಿಂದ ದಪ್ಪಗೆ ಬಳಿದು, ಹಿಂದಕ್ಕೆ ಸರಿದು ಕೂತಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಣ್ಣ ಉಸಿರೆಳೆದುಕೊಂಡಂತೆ ಉಬ್ಬಿತು. ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು, ಬಿರಿಯಿತು. ಕಂಪನಿಯ ಹೆಸರು ನಡುವೆ ಮುರಿದು, ಅಕ್ಷರಗಳು ಒಂದರ ಮೇಲೊಂದು ಮಲಗಿದವು. ತೆಂಗಿನ ನಾರಿನಿಂದ ಎಳೆದಾಗ ಇಡೀ ಪಟ್ಟಿಯೇ ಸುಲಿದುಕೊಂಡು ಬಂತು. ಅಡಿಯಲ್ಲಿ ಬತ್ತಲೆ ಲೋಹ.

ಅವಳು ಅವಸರ ಮಾಡಲಿಲ್ಲ. ಬೆಸುಗೆಯ ಸಂದುಗಳಲ್ಲಿ, ಚೈನಿನ ಹಿಂದಿನ ಇಕ್ಕಟ್ಟಿನಲ್ಲಿ, ಬೆರಳುಗಳನ್ನು ಅವನ ಹಾಗೆಯೇ ಓಡಿಸಿದಳು. ಉಳಿದ ಕಡೆ ಎರಡನೇ ಸಲ ಬಳಿದಳು. ಕೈಗೆ ಕಟ್ಟಿದ್ದ ಪ್ಲಾಸ್ಟಿಕ್ ಹರಿದು ಅಂಗೈ ಉರಿಯತೊಡಗಿತು. ನಿಲ್ಲಿಸಲಿಲ್ಲ. ತೊಳೆದಳು. ನಯವಾದ ಉಜ್ಜುಕಾಗದದಿಂದ ಉದ್ದುದ್ದ ಎಳೆದಳು. ಮತ್ತೆ ತೊಳೆದು, ಒಣಗಿಸಿ, ಹೆಸರುಕಾಳಿನಷ್ಟು ಮೇಣ ತೆಗೆದುಕೊಂಡಳು. ತೆಳ್ಳಗೆ. ಸುತ್ತುಸುತ್ತಾಗಿ. ಮಂಜು ಕವಿಯುವವರೆಗೆ ಸುಮ್ಮನಿದ್ದಳು.

ಸಂಜೆಯ ಹೊತ್ತಿಗೆ ಸೈಕಲ್ಲು ನಡುಮನೆಯಲ್ಲಿ ತನ್ನ ಜಾಗದಲ್ಲಿ, ಹಳೇ ಬೆಡ್‌ಶೀಟು ಹೊದ್ದು ನಿಂತಿತ್ತು. ಜಯಪ್ರಕಾಶ್ ದಣಿದು ಬಂದ. ಹೊದಿಕೆಯ ಕಡೆ ಕೈ ನೀಡಿದಾಗ ಅವಳು, "ಮೇಣ ಕೂರ್ಬೇಕು. ಬೆಳಿಗ್ಗೆ ನೋಡಿ. ದೊಡ್ಡಪ್ಪನೂ ಇರ್ಲಿ," ಅಂದಳು.

"ಓ," ಅಂದ ಅವನು, ನಗುತ್ತಾ. "ಹೊಸ ಹಾಳೆ ತಂದಿದೀನಿ." ಉಂಡು ಮಲಗಿದ.

ಸೋಮವಾರ ಬೆಳಿಗ್ಗೆ ಅವಳು ಹಾಲು ಕರೆದಿಟ್ಟು, ಸ್ನಾನ ಮಾಡಿ, ಹಸಿರು ಅಂಚಿನ ಸೀರೆಯುಟ್ಟು, ಸೈಕಲ್ಲನ್ನು ಜಗಲಿಗೆ ತಂದು ನಿಲ್ಲಿಸಿದಳು. ಹೊನ್ನಯ್ಯನನ್ನು ಕೂಗಿದಳು. ಬಿಸಿಲು ಆಗ ತಾನೇ ಬೀದಿಗೆ ಇಳಿಯುತ್ತಿತ್ತು. ಬೆಡ್‌ಶೀಟನ್ನು ಎಳೆದಳು.

ಹ್ಯಾಂಡಲಿನ ಬುಡದಿಂದ ಹಿಂದಿನ ಗಾಲಿಯವರೆಗೆ ಒಂದೇ ಬೆಳಕು ಹರಿದಿತ್ತು. ಚರ್ಮ ಸುಲಿದ ಕುರಿಯನ್ನು ನೇತುಹಾಕಿದಂತೆ ಅದು ನಿಂತಿತ್ತು.

ಜಯಪ್ರಕಾಶ್ ಕೈಯಲ್ಲಿ ಚೀಟಿಗಳ ಹೊಸ ಹಾಳೆ ಹಿಡಿದಿದ್ದ. ಅಭ್ಯಾಸಬಲದಿಂದ ಟಾರ್ಚು ಹಾಕಿ ಬಗ್ಗಿದ. ಬೆಳಕು ಹಾಯಿಸುತ್ತಾ ಹೋದ. ಕೆಳಗೆ, ಮೇಲೆ, ಸಂದಿಯಲ್ಲಿ. ಅವನ ಬಾಯಿ ಸ್ವಲ್ಪ ತೆರೆದಿತ್ತು. ಪೆಡಲಿನ ಹಿಂದಿನ ಕೊಳವೆಯ ಮೇಲೆ ಬೆರಳಿಟ್ಟು ತಡಕಿದ; ಬಣ್ಣ ಎದ್ದ ಆ ಹಳೆಯ ಜಾಗ ಎಲ್ಲಿತ್ತೆಂದು ಈಗ ತಿಳಿಯುವಂತಿರಲಿಲ್ಲ.

"ಎಲ್ಲಾದ್ರೂ ಮಂಕಿದ್ರೆ ಹೇಳಿ," ಅಂದಳು ಶ್ವೇತ.

"ಅಯ್ಯಯ್ಯೋ ಮುಂಡೆ, ಸುಲ್ದಾಕ್ಬುಟ್ಟವಳಲ್ಲೋ!" ಅಂಕಮ್ಮ ಎದೆಗೆ ಕೈ ಹೊಡೆದುಕೊಂಡಳು.

"ನೀವೇ ಹೇಳಿದ್ರಲ್ಲ ಅತ್ತೆ, ಆಯುಧ ಅಂದ್ಮೇಲೆ ಪಳಪಳ ಅನ್ಬೇಕು ಅಂತ. ಹೂವು ಪೋಣಿಸ್ತಾ, ಇದೇ ಬಾಗಿಲಲ್ಲಿ ಕೂತ್ಕೊಂಡು."

ಜಯಪ್ರಕಾಶ್ ತಾಯಿಯ ಕಡೆ ತಿರುಗಿದ. ಅಂಕಮ್ಮನ ಕೈ ಎದೆಯ ಮೇಲೆಯೇ ಉಳಿಯಿತು. ಆಯುಧಪೂಜೆಯ ಸಂಜೆ ಅಲುಗದಿದ್ದ ಮುಖದಲ್ಲಿ ಏನೋ ಅಲುಗಿತು. ಅವನು ಅದನ್ನು ನೋಡಿದ, ಒಂದೂ ಮಾತು ಕೇಳಲಿಲ್ಲ. ಮನೆಯ ಪದ್ಧತಿಯಂತೆ ಮುಖವನ್ನು ಒಮ್ಮೆ ನೋಡಿ, ತಿರುಗಿಕೊಂಡ.

ಹೊನ್ನಯ್ಯ ಕೆಮ್ಮಿದ. ಅವನು ಯಾರ ಕಡೆಯೂ ನೋಡುತ್ತಿರಲಿಲ್ಲ. "ಮಾತು ಅಂದ್ರೆ ಮಾತು ಕಣ್ಲಾ ಜಯಪ್ಪ. ನನ್ನ ಮುಂದೆ ಆಡಿದೀಯ. ಕಳ್ಸು."

ಜಯಪ್ರಕಾಶ್ ಟಾರ್ಚು ಆರಿಸಿದ. "ಓಗು," ಅಂದ. ಧ್ವನಿ ಮತ್ತೆ ಅದೇ ಮೃದು. "ಸಾಯಂಕಾಲ ಬತ್ತೀಯಲ್ಲ."

ಮದ್ದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶ್ವೇತ ಅಂಗೈ ಬಿಚ್ಚಿ ನೋಡಿಕೊಂಡಳು. ಚರ್ಮ ಎದ್ದಿತ್ತು, ಅಡಿಯಲ್ಲಿ ಎಳೆ ಕೆಂಪು. ಸೀಮೆಸುಣ್ಣ ಹಿಡಿದರೆ ಉರಿಯುತ್ತದೆ. ಈ ಹೊತ್ತಿಗೆ ಅವನು ಡ್ಯೂಟಿಗೆ ಹೊರಡಲು ಬಚ್ಚಲಿಗೆ ಹೋಗಿರುತ್ತಾನೆ. ಕನ್ನಡಿಯ ನಡುವಿನ ಕೆಂಪು ಚೀಟಿಯನ್ನು ಅವಳು ತೆಗೆದಿರಲಿಲ್ಲ. ಅವಳ ಹಣೆಯ ಎತ್ತರಕ್ಕೆ ಹಚ್ಚಿದ್ದು. ಅವನು ನಿಂತರೆ ಬಾಯಿಯ ಮೇಲೆ ಬರುತ್ತದೆ.

ಸಾಯಂಕಾಲ ಹೋಗಲೇಬೇಕು. ಎಮ್ಮೆ ಕರೆಯಬೇಕು. ಅವನು ಏನು ಮಾಡಬಹುದೆಂದು ಯೋಚಿಸಲು ನೋಡಿದಳು. ಯೋಚನೆ ಮತ್ತೆ ಮತ್ತೆ ಬಣ್ಣ ಉಬ್ಬಿದ ಆ ಗಳಿಗೆಗೇ ಹೋಗಿ ನಿಲ್ಲುತ್ತಿತ್ತು. ಅವನು ಇನ್ನಾವುದನ್ನೂ ಆ ಸೈಕಲ್ಲಿನಷ್ಟು ಪ್ರೀತಿಸಿರಲಿಲ್ಲ. ಅದನ್ನು ತಿಳಿದೇ ಸುಲಿದಿದ್ದಳು, ಸುಲಿಯುವಾಗ ಸುಖವಾಗಿತ್ತು. ತನ್ನೊಳಗೆ ಎಲ್ಲಾದರೂ ಒಂದು ಕಡೆ ಮರುಕ ಉಳಿದಿದೆಯೇ ಎಂದು ನಿಧಾನವಾಗಿ, ಓರೆಯಾಗಿ, ಸಂದುಸಂದಿನಲ್ಲಿ ಹುಡುಕಿದಳು. ಸಿಗಲಿಲ್ಲ.

ಬಸ್ಸು ಮದ್ದೂರಿನ ಸ್ಟಾಂಡಿಗೆ ತಿರುಗಿದಾಗ ಎದ್ದು ನಿಂತು, ಉರಿಯುವ ಕೈಯಲ್ಲೇ ಕಂಬಿ ಹಿಡಿದುಕೊಂಡಳು.